ನಾಚಾ ಕಲಿಸಿದ ಅಡುಗೆ

ಮೆಕ್ಸಿಕೋದ ಲೇಖಕಿ ಲಾರಾ ಎಸ್ಕಿವೆಲ್ ಅವರ ‘ಲೈಕ್ ವಾಟರ್ ಫಾರ್ ಚಾಕೊಲೇಟ್’ (1989) ಕಾದಂಬರಿಯ ಕೊನೆಯಲ್ಲಿ ಇಡೀ ತೋಟದ ಮನೆ ಸುಟ್ಟು ಬೂದಿಯಾಗುತ್ತದೆ. ಉಳಿಯುವುದು ಕಥಾನಾಯಕಿ ತೀತಾಳ ಅಡುಗೆ ಪುಸ್ತಕವೊಂದೇ. ಅದು ಅಕ್ಕನ ಮಗಳ ಕೈಸೇರಿ, ಅವಳಿಂದ ಅವಳ ಮಗಳಿಗೆ ಬರುತ್ತದೆ. ಕಥೆ ಹೇಳುವವಳು ಆ ಮಗಳೇ. ಹನ್ನೆರಡು ತಿಂಗಳಿಗೆ ಹನ್ನೆರಡು ಅಧ್ಯಾಯ. ಡಿಸೆಂಬರಿನ ಪಾಲಿಗೆ ಬಂದಿರುವುದು ‘ಚಿಲೆಸ್ ಎನ್ ನೊಗಾಡ’: ಮಾಂಸ, ಹಣ್ಣು ತುಂಬಿದ ಮೆಣಸಿನಕಾಯಿ, ಅದರ ಮೇಲೆ ಅಕ್ರೋಟು ಅರೆದು ಮಾಡಿದ ಬಿಳಿ ನೊಗಾಡ, ದಾಳಿಂಬೆ ಕಾಳು. ಮನೆತನದ ಅಡುಗೆಯನ್ನು ನೆನಪಿಡುವ ಬಗೆ ಯಾವುದು, ಅದರಲ್ಲಿ ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ ಎಂದು ಕೇಳಿಕೊಳ್ಳಲು ಈ ತಿನಿಸಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೆಕ್ಸಿಕೋದ ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಇದಕ್ಕಿಂತ ಸರಳವಾದ ‘ಚಿಲೆಸ್ ರೆಯೆನೋಸ್’. ಅದಕ್ಕೆ ಬೇಕಾದ ಪೊಬ್ಲಾನೊ ಕಡುಹಸಿರು ಬಣ್ಣದ, ಅಗಲವಾದ, ಖಾರ ಕಡಿಮೆಯಿರುವ ಕಾಯಿ. ಗೊಜ್ಜಿಗೆ ಬದನೆಕಾಯಿ ಸುಡುವ ಹಾಗೆ ಅದನ್ನು ನೇರ ಉರಿಯ ಮೇಲೆ ಹೊರಳಿಸಿ ಕಪ್ಪಾಗಿಸುತ್ತಾರೆ. ಬಿಸಿ ಆರುವ ಮುಂಚೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆವರಿ ಸಿಪ್ಪೆ ಸಡಿಲವಾಗುತ್ತದೆ. ನಲ್ಲಿಯ ಕೆಳಗೆ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸುಟ್ಟ ಘಮವೂ ನೀರಿನಲ್ಲಿ ಹರಿದುಹೋಗುತ್ತದೆ. ಬೆರಳಿನಿಂದಲೇ ಸುಲಿಯಬೇಕು. ತೊಟ್ಟು ಕೀಳದೆ ಪಕ್ಕದಲ್ಲಿ ಸೀಳಿ, ಬೀಜ ತೆಗೆದು, ಎಳೆಯೆಳೆಯಾಗಿ ಬಿಡಿಸಿಕೊಳ್ಳುವ ಚೀಸನ್ನೋ ಖೀಮಾವನ್ನೋ ತುಂಬುತ್ತಾರೆ. ಮೊಟ್ಟೆಯ ಬಿಳಿಯನ್ನು ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿ ಕಡೆದು, ಹಳದಿಯನ್ನು ಮೆಲ್ಲಗೆ ಬೆರೆಸಬೇಕು. ಕಾಯಿಗೆ ಮೊದಲು ಒಣ ಮೈದಾ ಸವರದಿದ್ದರೆ ಆ ನೊರೆ ಹಿಡಿಯುವುದಿಲ್ಲ, ಎಣ್ಣೆಗೆ ಬಿಟ್ಟ ಕೂಡಲೇ ಕಳಚಿಕೊಳ್ಳುತ್ತದೆ. ಕರಿದದ್ದನ್ನು ತೆಳ್ಳನೆಯ ಟೊಮೆಟೊ ಸಾರಿನಲ್ಲಿ ಇಳಿಸಿ ಬಡಿಸುತ್ತಾರೆ.

ಇದರಲ್ಲಿ ಅಳತೆಯನ್ನು ಬರೆಯಬಹುದು. ಎಷ್ಟು ಸುಟ್ಟರೆ ಸಾಕು, ನೊರೆ ಯಾವಾಗ ಹದಕ್ಕೆ ಬಂತು ಎಂಬುದು ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಬರುತ್ತದೆ. ಎಸ್ಕಿವೆಲ್‌ಗೆ ಇದು ಗೊತ್ತು. ಡಿಸೆಂಬರ್ ಅಧ್ಯಾಯದ ಪಟ್ಟಿಯಲ್ಲಿ 25 ಮೆಣಸಿನಕಾಯಿ ಎಂದಷ್ಟೇ ಇದ್ದರೂ, ಬರಹ ಶುರುವಾಗುವುದು ಅಕ್ರೋಟು ಒಡೆದು ಒಳಸಿಪ್ಪೆ ಬಿಡಿಸುವ ಬೇಸರದ ದುಡಿಮೆಯಿಂದ. ಮುಂದೆ ಊಟ ಮಾಡಿದ ಅತಿಥಿಗಳೆಲ್ಲ ಕಾಮಾತುರರಾಗುವ ಮಾಯೆ ಬರುತ್ತದೆ. ಕಾದಂಬರಿಯನ್ನು ಆಧರಿಸಿದ 1992ರ ಚಲನಚಿತ್ರವೂ ಇಂಥ ಮಾಯೆಯನ್ನೇ ನೆಚ್ಚಿಕೊಂಡಿತು. ನನ್ನ ಮಟ್ಟಿಗೆ ಅಕ್ರೋಟು ಸುಲಿಯುವ ಆ ಸಾಲುಗಳ ತೂಕವೇ ಹೆಚ್ಚು.

ತೀತಾಗೆ ಅಡುಗೆ ಕಲಿಸಿದವಳು ತಾಯಿಯಲ್ಲ, ಮನೆಯ ಅಡುಗೆಯವಳಾದ ನಾಚಾ. ಅವಳಿಗೆ ಓದು ಬರಹ ಬಾರದು. ಕಾದಂಬರಿ ಅವಳನ್ನು ಪ್ರೀತಿಯಿಂದ ಕಾಣುತ್ತದೆ, ಸತ್ತ ಮೇಲೂ ತೀತಾಳ ಕಿವಿಯಲ್ಲಿ ಅವಳ ದನಿ ಉಳಿಸುತ್ತದೆ. ಆದರೂ ಪುಸ್ತಕ ಹರಿದುಬರುವುದು ಒಡೆಯರ ರಕ್ತಸಂಬಂಧದಲ್ಲೇ. ಅಧ್ಯಾಯದ ತಲೆಬರಹದಲ್ಲಿ ತಿಂಗಳಿದೆ, ತಿನಿಸಿದೆ, ನಾಚಾ ಇಲ್ಲ. ಓದುಗರು ‘ತೀತಾಳ ಅಡುಗೆ’ ಎಂದೇ ನೆನಪಿಡುತ್ತಾರೆ. ಈ ಕೃತಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ.

ಚಿಲೆಸ್ ಎನ್ ನೊಗಾಡದ ಬಗ್ಗೆ ಪುಯೆಬ್ಲಾ ನಗರದಲ್ಲಿರುವ ದಂತಕಥೆಯೂ ಇದೇ ದಾರಿ ಹಿಡಿದಿದೆ. 1821ರ ಆಗಸ್ಟಿನಲ್ಲಿ, ಮೆಕ್ಸಿಕೋ ಸ್ವಾತಂತ್ರ್ಯದ ಒಪ್ಪಂದಕ್ಕೆ ಸಹಿ ಹಾಕಿ ಬಂದ ಸೇನಾನಿ ಅಗುಸ್ತಿನ್ ದೆ ಇತುರ್ಬಿದೆಗಾಗಿ ಸಾಂತಾ ಮೋನಿಕಾ ಮಠದ ಸನ್ಯಾಸಿನಿಯರು ಹಸಿರು, ಬಿಳಿ, ಕೆಂಪಿನ ಈ ತಿನಿಸನ್ನು ಸಿದ್ಧಪಡಿಸಿದರಂತೆ. ಆ ಕಥೆಯಲ್ಲಿ ಸೇನಾನಿಗೆ ಹೆಸರಿದೆ, ಮಠಕ್ಕೆ ಹೆಸರಿದೆ, ಒಲೆಯ ಮುಂದೆ ನಿಂತವರಿಗಿಲ್ಲ. ಅಕ್ರೋಟು, ದಾಳಿಂಬೆ ಸ್ಪೇನಿನ ಹಡಗಿನಲ್ಲಿ ಬಂದವು. ಮೆಣಸಿನಕಾಯಿ ಮಾತ್ರ ಆ ನೆಲದ್ದು. ಅದನ್ನು ಬೆಳೆದು, ಅದರ ಗುಣ ಅರಿತು, ತಲೆಮಾರುಗಳಿಂದ ಸುಟ್ಟು ಸುಲಿದ ಮೂಲನಿವಾಸಿ ಹೆಂಗಸರು ಈ ಕಥೆಯಿಂದ ಹೊರಗೇ ಉಳಿದರು.

ನೊಗಾಡಕ್ಕೆ ಹಾಕುವ ಕಾಯಿಗೆ ಮೊಟ್ಟೆಯ ಹೊದಿಕೆ ಬೇಕೇ ಬೇಡವೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ನನಗೆ ಹೊದಿಕೆಯಿಲ್ಲದ್ದೇ ಸರಿ. ತಣ್ಣನೆಯ ನೊಗಾಡದ ಕೆಳಗೆ ಕರಿದ ಮೊಟ್ಟೆ ಭಾರವಾಗಿ ಸುಟ್ಟ ಕಾಯಿಯ ರುಚಿಯನ್ನು ಮುಚ್ಚಿಬಿಡುತ್ತದೆ. ಹೊದಿಕೆ ಬೇಕೇ ಬೇಕು ಎನ್ನುವ ಪುಯೆಬ್ಲಾದ ಅಜ್ಜಿಯರ ಹಟದಲ್ಲೂ ನ್ಯಾಯವಿದೆ. ಒಮ್ಮೆ ಕೈಬಿಟ್ಟರೆ ಆ ನೊರೆಯ ಹದ ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಕಲಿಸಿದವರ ಹೆಸರು ಉಳಿಸುವ ದಾರಿಯೂ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ ಅಡುಗೆ ಲೇಖಕಿ ಡಯಾನಾ ಕೆನಡಿ 1972ರಲ್ಲಿ ‘ದಿ ಕ್ವಿಸೀನ್ಸ್ ಆಫ್ ಮೆಕ್ಸಿಕೋ’ ಪ್ರಕಟಿಸಿದರು. ಆಮೇಲೂ ದಶಕಗಳ ಕಾಲ ಊರೂರು ಸುತ್ತಿ, ಹೇಳಿಕೊಟ್ಟವರ ಹೆಸರನ್ನೂ ಊರನ್ನೂ ಬರೆಯುತ್ತಾ ಬಂದರು. ಹೊರಗಿನವರೆಂಬ ಆಕ್ಷೇಪ ಅವರ ಮೇಲಿದ್ದರೂ ಈ ಶಿಸ್ತಿನಲ್ಲಿ ಅವರು ಕಾದಂಬರಿಗಿಂತ ಮುಂದಿದ್ದಾರೆ. ಹೆಸರು, ಊರು ಜೊತೆಗಿದ್ದಾಗ ಒಂದೇ ತಿನಿಸಿನ ಎರಡು ಬಗೆ ಅಕ್ಕಪಕ್ಕ ನಿಲ್ಲಬಲ್ಲವು, ಯಾವುದು ಅಸಲಿ ಎಂದು ತೀರ್ಪು ಕೊಡುವ ಅಗತ್ಯವೇ ಬೀಳುವುದಿಲ್ಲ.