ಏಕೀಕೃತ ಮಾರುಕಟ್ಟೆಯೂ ಹತ್ತಿಯ ಧಾರಣೆಯೂ

ಕರ್ನಾಟಕದ ಕೃಷಿಮಾರುಕಟ್ಟೆಗಳನ್ನು ಗಣಕಜಾಲದಿಂದ ಒಂದಾಗಿ ಬೆಸೆಯಲು ೨೦೧೪ರಲ್ಲಿ ಏರ್ಪಟ್ಟ ‘ಏಕೀಕೃತ ಮಾರುಕಟ್ಟೆ ವೇದಿಕೆ’ಯ ಫಲವನ್ನು ಲೆವಿ, ರಾಜನ್, ಸಿಂಘ್ವಿ, ಝೆಂಗ್ ಎಂಬ ನಾಲ್ವರು ೨೦೨೦ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಮರ್ಶಿಸಿರುವರು. ಬತ್ತಕ್ಕೆ ನೂರಕ್ಕೆ ೫.೧, ಶೇಂಗಾಕ್ಕೆ ೩.೬, ಗೋವಿನಜೋಳಕ್ಕೆ ೩.೫ರಂತೆ ಧಾರಣೆಯು ಏರಿತೆಂದೂ, ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲವೆಂದೂ ಅವರ ನಿರ್ಣಯ. ಕರ್ತೃಗಳಲ್ಲೊಬ್ಬರು ಆ ವೇದಿಕೆಯನ್ನು ನಡೆಸುವ ಸಂಸ್ಥೆಯವರೇ ಆಗಿದ್ದರೂ ಎರಡನೆಯ ಮಾತನ್ನು ಮರೆಮಾಚದಿರುವುದು ಮೆಚ್ಚತಕ್ಕುದು.

ಆದರೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆನೆಲಕ್ಕೆ ಹತ್ತಿಯು ಬಹುಕಾಲದ ರೊಕ್ಕದ ಬೆಳೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಕಡೆಗೆ ಬತ್ತ. ರಾಜ್ಯದ ಸರಾಸರಿಯಲ್ಲಿ ಲಾಭವೆಂದು ತೋರುವುದು ಇಲ್ಲಿ ಒಂದು ದಿನದ ದಾರಿಯೊಳಗೇ ಎರಡು ಬಗೆಯಾಗಬಹುದು.

ಇದಕ್ಕೆ ಕಾರಣವೇನು? ಕರ್ತೃಗಳು ಸಾಗಣೆಯ ತೊಡಕು, ಹರಾಜಿನ ಕ್ರಮ, ಕೆಲವೇ ಖರೀದಿದಾರರ ಪ್ರಾಬಲ್ಯ ಮೊದಲಾದವನ್ನು ಪರಿಶೀಲಿಸಿರುವರು. ಅವು ಸಲ್ಲತಕ್ಕವೇ. ಆದರೂ ಈ ಸೀಮೆಯ ಹತ್ತಿಯ ಪೂರ್ವಚರಿತ್ರೆಯೊಡನೆ ಓದಿದರೆ ಮತ್ತೊಂದು ಕಾರಣಕ್ಕೆ ಹೆಚ್ಚಿನ ತೂಕ ಬರುವುದು. ೧೮೬೧ರಿಂದ ೧೮೬೫ರ ವರೆಗಿನ ಅಂತರ್ಯುದ್ಧದಿಂದ ಅಮೆರಿಕದ ಹತ್ತಿಯು ಲಿವರ್‌ಪೂಲಿಗೆ ಬಾರದೆ ಹೋಗಲು, ಈ ಭಾಗದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಅದನ್ನು ಹಡಗಿಗೇರಿಸುತ್ತಿದ್ದ ಕುಮಟೆಯ ಹೆಸರೇ ಹೊರದೇಶಗಳಲ್ಲಿ ಅದರ ಹೆಸರಾಗಿ ನಡೆಯಿತು. ಕಲಬೆರಕೆಯ ದೂರೂ ಅದರೊಡನೆಯೇ ಇದ್ದಿತು. ಅದನ್ನು ತಡೆಯಲು ಮುಂಬಯಿ ಸರ್ಕಾರವು ೧೮೬೩ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ದೂರದಲ್ಲಿ ಕೊಳ್ಳುವವನಿಗೆ ಬೆಲೆಯ ಸುದ್ದಿಯೊಂದೇ ಸಾಲದು, ಸರಕಿನ ನಂಬಿಕೆಯೂ ಬೇಕು. ಎಳೆಯ ಉದ್ದ, ತೇವ, ಕಸ ಇವನ್ನು ಅಳೆದು ಹೇಳುವ ಏರ್ಪಾಡು ಪೇಟೆಯಲ್ಲಿ ಇಲ್ಲದ ಕಡೆ, ಹಿಡಿ ಹತ್ತಿಯನ್ನು ಕೈಯಲ್ಲಿ ಎಳೆದು ನೋಡಬಲ್ಲ ಸ್ಥಳದ ಖರೀದಿದಾರನೇ ಪರೀಕ್ಷಕನಾಗಿ ಉಳಿಯುವನು. ಜಾಲವು ಅವನ ಮಾತನ್ನು ಶೀಘ್ರವಾಗಿ ಬರೆದಿಡುವುದಷ್ಟೆ.

ಅಳತೆಗೋಲಿನ ವಿಷಯದಲ್ಲಿಯೂ ಒಂದು ಆಕ್ಷೇಪವುಂಟು. ಪೇಟೆಯಲ್ಲಿ ಅತಿ ಹೆಚ್ಚಾಗಿ ನಡೆದ ಬೆಲೆಯನ್ನೇ ಪ್ರಬಂಧವು ಆಧಾರವಾಗಿ ಹಿಡಿದಿರುವುದರಿಂದ, ಹೊಲದಲ್ಲಿಯೋ ಮನೆಯ ಬಾಗಿಲಲ್ಲಿಯೋ ಮಾರಿಹೋದ ಹತ್ತಿಯು ಅದರ ಲೆಕ್ಕಕ್ಕೆ ಸಿಕ್ಕದು. ಇದಲ್ಲದೆ, ಪ್ರಬಂಧವು ಹೊರಬಂದ ಬಳಿಕ ವಿದೇಶೀ ಹತ್ತಿಯ ಮೇಲೆ ೨೦೨೧ರ ಫೆಬ್ರುವರಿಯಲ್ಲಿ ಆಮದು ಸುಂಕವನ್ನು ವಿಧಿಸಿ, ೨೦೨೨ರ ಏಪ್ರಿಲಿನಲ್ಲಿಯೂ ೨೦೨೫ರ ಆಗಸ್ಟಿನಲ್ಲಿಯೂ ಅದನ್ನು ತಾತ್ಕಾಲಿಕವಾಗಿ ಬಿಡಲಾಯಿತು. ಬೈಲಹೊಂಗಲದ ಧಾರಣೆಯನ್ನು ಇನ್ನು ಮುಂದೆ ಅಳೆಯುವವರು ಜಾಲದ ಫಲವನ್ನು ಸುಂಕದ ಫಲದಿಂದ ಬೇರ್ಪಡಿಸಿಯೇ ತೀರಬೇಕು.