ಲೆಕ್ಕಕ್ಕುಂಟು, ಆಟಕ್ಕಿಲ್ಲ

2017ರ ಜುಲೈನಲ್ಲಿ ಶುರುವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನ ಕೋರ್ಸುಗಳಿಗೆ ನಾಲ್ಕು ಅಂಗ: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂಪರೀಕ್ಷೆ, ಚರ್ಚಾ ವೇದಿಕೆ. ಮೊದಲ ಮೂರರ ಬಗ್ಗೆ ದೊಡ್ಡ ತಕರಾರಿಲ್ಲ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಬೀದರಿನ ಹುಡುಗಿಗೂ ಪುಕ್ಕಟೆ ಸಿಗುವುದು ಸಣ್ಣ ಮಾತೇನಲ್ಲ. ನಾಲ್ಕನೆಯದು ಮಾತ್ರ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸ್ವಯಂನಲ್ಲಿ ಸಿಗುವ, ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳ ಅಂಕಪದ್ಧತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ವಾರವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಒಳ್ಳೆಯ ಪ್ರಶ್ನೆ ಎತ್ತಿದವರಿಗೆ, ಇನ್ನೊಬ್ಬರ ಗೊಂದಲ ಬಿಡಿಸಿದವರಿಗೆ ಸೊನ್ನೆ. ಹಾಗೆಂದು ಹುಡುಗರು ಬಾಯಿ ಮುಚ್ಚಿಕೊಂಡಿಲ್ಲ. ಗಡುವಿನ ಹಿಂದಿನ ರಾತ್ರಿ ಟೆಲಿಗ್ರಾಂ ಗುಂಪುಗಳಲ್ಲಿ ಜಾತ್ರೆಯೇ ನಡೆದಿರುತ್ತದೆ. ‘ಮೂರನೇ ವಾರದ್ದು ಯಾರಾದ್ರೂ ಹಾಕ್ರಪ್ಪಾ’, ‘ಏಳನೇದು ಬಿ ನಾ, ಡಿ ನಾ?’ ಬಿ ಯಾಕೆ ಅಂತ ಕೇಳುವವರಿಲ್ಲ. ಯೂಟ್ಯೂಬಿನಲ್ಲಂತೂ ವಾರದ ಉತ್ತರಗಳದ್ದೇ ವಿಡಿಯೊಗಳಿವೆ!

ಹವ್ಯಾಸದ ಓದಾಗಿದ್ದರೆ ಸುಮ್ಮನಿರಬಹುದಿತ್ತು. 2021ರಿಂದ ಯುಜಿಸಿ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮುಗಿಸಲು ಅವಕಾಶ ಕೊಟ್ಟಿದೆ. ಪದವಿಯ ತೂಕವೇ ಇದರ ಮೇಲಿದೆ.

ಚರ್ಚೆಗೂ ಅಂಕ ಕೊಟ್ಟುಬಿಡಿ ಎನ್ನುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಎರಡೇ ವಾರದಲ್ಲಿ ‘ತುಂಬಾ ಉಪಯುಕ್ತ, ಧನ್ಯವಾದ ಸರ್’ ಎಂಬ ಸಾಲುಗಳು ರಾಶಿ ಬೀಳುತ್ತವೆ. ತೊಡಕಿರುವುದು ಸಂಖ್ಯೆಯಲ್ಲಿ. ಸಾವಿರಾರು ಅಪರಿಚಿತರೆದುರು, ಅದೂ ಇಂಗ್ಲಿಷಿನಲ್ಲಿ, ‘ಇದು ನನಗೆ ತಿಳಿಯಲಿಲ್ಲ’ ಎನ್ನಲು ಎಂಥವರಿಗೂ ಹಿಂಜರಿಕೆ. ಐಐಟಿ ಮದ್ರಾಸ್ ತನ್ನ ಆನ್‌ಲೈನ್ ಬಿಎಸ್ ಪದವಿಯಲ್ಲಿ ಇದನ್ನು ಅರಿತಂತಿದೆ. ವಿದ್ಯಾರ್ಥಿಗಳನ್ನು ಬಂಡೀಪುರ, ನೀಲಗಿರಿ, ಸುಂದರಬನ ಎಂದು ಕಾಡುಗಳ ಹೆಸರಿನ ‘ಹೌಸ್’ಗಳಾಗಿ ಹಂಚಿದೆ. ಮುಖ ಕಾಣದವರಿಗೂ ‘ನಮ್ಮವರು’ ಎನ್ನಲು ಒಂದು ನೆಪ ಸಿಕ್ಕಿತು. ಎನ್‌ಪಿಟಿಇಎಲ್‌ನಲ್ಲೂ ಸಂಶೋಧನಾ ವಿದ್ಯಾರ್ಥಿಗಳು ಕೆಲವು ಕೋರ್ಸುಗಳಿಗೆ ವಾರಕ್ಕೊಮ್ಮೆ ನೇರ ಪ್ರಸಾರದಲ್ಲಿ ಲೆಕ್ಕ ಬಿಡಿಸುವ ತರಗತಿ ನಡೆಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾಗಿದ್ದು ಇದೇ. ಅಲ್ಲಿ ತಡೆದು ಕೇಳಬಹುದು.

ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಸ್ಥಳೀಯ ಘಟಕವಾದ ‘ಲೋಕಲ್ ಚಾಪ್ಟರ್’ ಇದೆ, ಮೆಂಟರ್ ಎಂಬ ಅಧ್ಯಾಪಕರೂ ಇದ್ದಾರೆ. ನೋಂದಣಿ ಎಷ್ಟಾಯಿತು, ಎಷ್ಟು ಮಂದಿ ಪಾಸಾದರು ಎಂದು ಬರೆದಿಡುವುದಷ್ಟೇ ಅವರ ಪಾಲಿಗೆ ಬಂದರೆ ಆ ಹುದ್ದೆ ದಂಡ. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಆ ವಾರದ ಪಾಠವನ್ನು ಕನ್ನಡದಲ್ಲೇ ಜಗಳವಾಡಿ ಅರ್ಥ ಮಾಡಿಸಲು ವಾರಕ್ಕೊಂದು ಗಂಟೆ ಸಾಕು. ಆ ಗಂಟೆ ಅವರ ಟೈಂಟೇಬಲ್ಲಿನಲ್ಲಿ, ಸಂಬಳದ ಕೆಲಸವಾಗಿ, ನಮೂದಾಗಬೇಕು.