ಸಕ್ಕರೆ ಹಿಡಿದರೆ ಸಾಲದು

ಜೇನುತುಪ್ಪವನ್ನು ನಾವು ಮನೆಯಲ್ಲಿ ಎರಡು ಬಗೆಯಲ್ಲಿ ಪರೀಕ್ಷಿಸುತ್ತೇವೆ. ನೀರಿನ ಲೋಟಕ್ಕೆ ಹನಿ ಬಿಟ್ಟು ತಳ ಸೇರಿತೇ ಎಂದು ನೋಡುತ್ತೇವೆ; ಬತ್ತಿಗೆ ಸವರಿ ಕಡ್ಡಿ ಗೀರುತ್ತೇವೆ. ಎರಡರಲ್ಲೂ ತಿಳಿಯುವುದು ತುಪ್ಪ ಗಟ್ಟಿಯೋ ತೆಳುವೋ ಎಂಬುದಷ್ಟೇ. ಗಟ್ಟಿ ಸಕ್ಕರೆಪಾಕ ಸುಲಭವಾಗಿ ಪಾಸಾಗುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿನ, ನೀರಿನಂಶ ಹೆಚ್ಚಿರುವ ಅಸಲಿ ತುಪ್ಪ ಫೇಲಾಗಬಹುದು.

ಪ್ರಯೋಗಾಲಯ ಇದಕ್ಕಿಂತ ಬಹಳ ಮುಂದಿದೆ, ನಿಜ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಮಾನದಂಡದಂತೆ ತೇವಾಂಶ ಶೇ 20ನ್ನು, ಕಬ್ಬು-ಮೆಕ್ಕೆಜೋಳದ ಸಕ್ಕರೆ ಶೇ 7ನ್ನು ಮೀರಬಾರದು. ಆದರೂ ಅದೇ ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳನ್ನು ಜರ್ಮನಿಯಲ್ಲಿ, ಬೆರಕೆ ಪಾಕ ಪತ್ತೆಹಚ್ಚುವ ಎನ್‌ಎಂಆರ್ ಪರೀಕ್ಷೆಗೆ ಒಡ್ಡಿದಾಗ ಪಾಸಾದವು ಮೂರೇ. ಕಂಪನಿಗಳು ವರದಿಯನ್ನು ಅಲ್ಲಗಳೆದವು. ‘ಎನ್‌ಎಂಆರ್ ಪಾಸ್’ ಎಂಬುದು ಬಾಟಲಿಯ ಮೇಲಿನ ಜಾಹೀರಾತಾಯಿತು.

ನನ್ನ ತಕರಾರು ಇರುವುದು ಇಲ್ಲೇ. ಎನ್‌ಎಂಆರ್ ಹಿಡಿಯುವುದು ವ್ಯಾಪಾರಿ ಬೆರೆಸಿದ ಪಾಕವನ್ನು. ಕಿಲೋಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಔಷಧದ ಶೇಷ ಅದಕ್ಕೆ ಕಾಣದು. ಶೇಷ ಹುಡುಕಲು ಎಲ್‌ಸಿ-ಎಂಎಸ್‌ನಂಥ ಬೇರೆಯೇ ಯಂತ್ರ ಬೇಕು. ಇದೇ ಸಂಸ್ಥೆ 2010ರಲ್ಲಿ 12 ಬ್ರಾಂಡ್‌ಗಳನ್ನು ಪರೀಕ್ಷಿಸಿದಾಗ 11ರಲ್ಲಿ ಆ್ಯಂಟಿಬಯೋಟಿಕ್ ಸಿಕ್ಕಿತ್ತು. ಅದು ಪೆಟ್ಟಿಗೆಯಲ್ಲಿ ಸಾಕಿದ ಹುಳುಗಳಿಗೆ ರೋಗ ಬಾರದಂತೆ ಕೊಡುವ ಮದ್ದು. ಮರದ ಮೇಲಿನ ಹೆಜ್ಜೇನಿಗೆ ಯಾರೂ ಮದ್ದು ಹಾಕುವುದಿಲ್ಲ. ಹಾಗೆಂದು ಅದರ ತುಪ್ಪ ಶುದ್ಧ ಎನ್ನಲಾಗದು.

ಸೇಡಂ, ಚಿತ್ತಾಪುರದಲ್ಲಿ ತೊಗರಿ ಹೂಬಿಡುವ ಹೊತ್ತೇ ಕಾಯಿಕೊರಕಕ್ಕೆ ಔಷಧ ಹೊಡೆಯುವ ಹೊತ್ತು. ಕಿಲೋಮೀಟರ್‌ಗಟ್ಟಲೆ ಹಾರುವ ಹೆಜ್ಜೇನಿಗೆ ಚಿಂಚೋಳಿ ಅಭಯಾರಣ್ಯದ ಗಡಿ ಗೊತ್ತಿಲ್ಲ. ಗೂಡು ಕಾಡಿನಲ್ಲಿದ್ದರೂ ಮಕರಂದ ಹೊಲದ್ದಾಗಿರಬಹುದು. ವಾಡಿ, ಶಹಾಬಾದ್ ಸುತ್ತ ಗಣಿ, ಸಿಮೆಂಟಿನ ಧೂಳೂ ಹೂವಿನ ಮೇಲೆ ಕೂರುತ್ತದೆ. ಅಲ್ಲಿ ಸೀಸ, ಕ್ಯಾಡ್ಮಿಯಂ ನೋಡಬೇಕು. ಈ ಆತಂಕ ನಮ್ಮ ಜಿಲ್ಲೆಗಷ್ಟೇ ಸೀಮಿತವಲ್ಲ: 2017ರಲ್ಲಿ ಜಗತ್ತಿನ ನಾನಾ ಭಾಗಗಳ 198 ಮಾದರಿಗಳನ್ನು ನೋಡಿದ ಅಧ್ಯಯನವೊಂದಕ್ಕೆ ಶೇ 75ರಲ್ಲಿ ನಿಯೋನಿಕೋಟಿನಾಯ್ಡ್ ಕೀಟನಾಶಕ ಸಿಕ್ಕಿತ್ತು. ಬಹುತೇಕ ಮಾದರಿಗಳಲ್ಲಿ ಅದರ ಪ್ರಮಾಣ ಮನುಷ್ಯರ ಸೇವನೆಗೆ ನಿಗದಿಯಾದ ಮಿತಿಯೊಳಗೇ ಇತ್ತು. ಮಿತಿಯೊಳಗಿದೆ ಎಂಬ ಸಮಾಧಾನವೂ ಅಳೆದವರಿಗೇ ದಕ್ಕುವಂಥದ್ದು.

ಒಟ್ಟಿನಲ್ಲಿ ನಮ್ಮ ಜೇನು ಪರೀಕ್ಷೆ ಮೋಸ ಹಿಡಿಯುವುದರಲ್ಲಿ ಚುರುಕು, ಶೇಷ ಹುಡುಕುವುದರಲ್ಲಿ ಸೋಮಾರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಪತ್ತೆಯ ಪ್ರಯೋಗಾಲಯವಿದೆ. ತೊಗರಿ ಹೂವಿನ ಹಂಗಾಮು ಮುಗಿದ ಮೇಲೆ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಈ ಐದೂ ಕಡೆಯ ತುಪ್ಪದ ಮಾದರಿ ಅಲ್ಲಿಗೆ ಹೋಗಲಿ, ಫಲಿತಾಂಶ ಕನ್ನಡದಲ್ಲಿ ಊರಿಗೆ ಬರಲಿ.